ಹಿಂಡು ಸಾಕಿದರೆ ಸಾಲದು, ಕಾವಲೂ ಬೇಕು

ಕಿತ್ತಳೆ ಬಣ್ಣದ ಮೈಮೇಲೆ ಮೂರು ಬಿಳಿ ಪಟ್ಟೆ ಹೊತ್ತ ಕ್ಲೌನ್ ಮೀನು ಹುಟ್ಟಲು ಈಗ ಕಡಲೇ ಬೇಕೆಂದಿಲ್ಲ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ತಮಿಳುನಾಡಿನ ಮಂಡಪಂ ಮತ್ತು ಕೇರಳದ ವಿಳಿಂಜಂ ಕೇಂದ್ರಗಳಲ್ಲಿ ಈ ಮೀನನ್ನು ತೊಟ್ಟಿಯಲ್ಲೇ ಮೊಟ್ಟೆ ಇಡಿಸಿ ಮರಿ ಬೆಳೆಸುವ ವಿಧಾನವನ್ನು ಕಂಡುಕೊಂಡು ವರ್ಷಗಳೇ ಆದವು. ಅಳತೆಯಲ್ಲಿ ಉಪ್ಪು ಬೆರೆಸಿದ ನೀರು, ಶುದ್ಧ ಮಾಡುವ ಯಂತ್ರ, ಮರಿಗೆ ತಕ್ಕ ಸೂಕ್ಷ್ಮ ಆಹಾರ ಇಷ್ಟಿದ್ದರೆ ಬಯಲುಸೀಮೆಯ ಊರಿನಲ್ಲೂ ಸಾಕಬಹುದು. ಇಷ್ಟಾದ ಮೇಲೆ ಒಂದು ಮಾತು ಸಲೀಸಾಗಿ ಬಂದುಬಿಡುತ್ತದೆ: ತಳಿ ನಮ್ಮ ಕೈಯಲ್ಲಿದೆ, ಇನ್ನು ಹವಳದ ದಿಬ್ಬಗಳಿಗೆ ಏನಾದರೂ ಮೀನು ಅಳಿಯುವುದಿಲ್ಲ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಅದನ್ನು ಬಿಡಿಸಿ ನೋಡಬೇಕು. ಈ ಮೀನಿನ ಗಾತ್ರ, ಲಿಂಗ, ಮೈಮೇಲಿನ ಪಟ್ಟೆ ಯಾವುದೂ ಮೀನೊಂದರ ಸ್ವಂತ ಆಸ್ತಿಯಲ್ಲ. ಅದು ಬದುಕುವ ತಾಣ ಮತ್ತು ಅಲ್ಲಿನ ಸಂಸಾರ ಸೇರಿ ಅವನ್ನು ತೀರ್ಮಾನಿಸುತ್ತವೆ. ತಾಣ ಬಿಟ್ಟು ತಳಿ ಉಳಿಸುತ್ತೇವೆ ಎನ್ನುವುದು ಮೀನನ್ನು ಉಳಿಸಿದಂತಲ್ಲ. ಕರ್ನಾಟಕದ ಕಡಲಿನಲ್ಲಿ ಹವಳವಿರುವ ನೇತ್ರಾಣಿ ದ್ವೀಪದ ಬಗ್ಗೆ ಸರ್ಕಾರ ಇನ್ನಾದರೂ ಒಂದು ನಿರ್ಧಾರಕ್ಕೆ ಬರಬೇಕು ಎನ್ನುವುದಕ್ಕೆ ಇದೇ ಕಾರಣ.

ಮೊದಲು ಮೀನಿನ ಮನೆಯ ವಿಚಾರ. ಅನಿಮೊನಿ ಎಂಬುದು ಹವಳದ ಬಳಗಕ್ಕೆ ಸೇರಿದ ಪ್ರಾಣಿ. ಬಂಡೆಗೆ ಕಚ್ಚಿಕೊಂಡು, ಹೂವಿನಂತೆ ಅರಳಿ, ಕುಟುಕುವ ಎಳೆಗಳನ್ನು ಆಡಿಸುತ್ತ ಇರುತ್ತದೆ. ಆ ಎಳೆಗಳು ಬೇರೆ ಸಣ್ಣ ಮೀನುಗಳನ್ನು ಕುಟುಕಿ ಕೊಲ್ಲಬಲ್ಲವು; ಕ್ಲೌನ್ ಮೀನು ಮಾತ್ರ ಅವುಗಳ ನಡುವೆಯೇ ರಾತ್ರಿ ಕಳೆಯುತ್ತದೆ. ಅದರ ಮೈಯ ಲೋಳೆಯಲ್ಲಿ ಸಿಯಾಲಿಕ್ ಆಮ್ಲ ತೀರಾ ಕಡಿಮೆ ಇರುವುದು ಇದಕ್ಕೊಂದು ಕಾರಣವೆಂದು ಈಚಿನ ಸಂಶೋಧನೆ ಹೇಳುತ್ತದೆ. ಜಗತ್ತಿನಲ್ಲಿ ಸಾವಿರದಷ್ಟು ಜಾತಿಯ ಅನಿಮೊನಿಗಳಿದ್ದರೂ ಸುಮಾರು 30 ಜಾತಿಯ ಕ್ಲೌನ್ ಮೀನುಗಳಿಗೆಲ್ಲ ಆಶ್ರಯ ಕೊಡುವುದು ಹತ್ತೇ ಹತ್ತು ಜಾತಿ. ಇದು ಒಂದು ಕಡೆಯ ಉಪಕಾರವೂ ಅಲ್ಲ. ಅನಿಮೊನಿಯ ಮೈಯೊಳಗೆ ಸೂಕ್ಷ್ಮ ಪಾಚಿಗಳಿವೆ, ಅವು ಬಿಸಿಲಿನಿಂದ ಆಹಾರ ತಯಾರಿಸಿ ಒಡತಿಗೆ ಕೊಡುತ್ತವೆ. ಆ ಪಾಚಿಗೆ ಗೊಬ್ಬರ ಸಿಗುವುದು ಮೀನಿನ ಮಲಮೂತ್ರದಿಂದ. ರಾತ್ರಿ ಮೀನು ಎಳೆಗಳ ನಡುವೆ ಹೊರಳಾಡಿ ರೆಕ್ಕೆ ಬೀಸುವುದರಿಂದ ನೀರು ಕದಲಿ ಅನಿಮೊನಿಗೆ ಆಮ್ಲಜನಕ ದೊರೆಯುತ್ತದೆ. ಕ್ಲೌನ್ ಮೀನನ್ನು ತೆಗೆದುಬಿಟ್ಟರೆ ಏನಾಗುತ್ತದೆ ಎಂದು ಸಂಶೋಧಕರು ಪ್ರಯೋಗ ಮಾಡಿ ನೋಡಿದಾಗ, ಚಿಟ್ಟೆ ಮೀನುಗಳು ಬಂದು ಕೆಲವು ಅನಿಮೊನಿಗಳನ್ನು ಕಿತ್ತು ತಿಂದವು. ಬಾಡಿಗೆದಾರ ಕಾವಲುಗಾರನೂ ಆಗಿದ್ದಾನೆ ಎಂದಾಯಿತು.

ಒಂದು ಅನಿಮೊನಿಯಲ್ಲಿರುವ ಸಂಸಾರದಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದರ ನಂತರದ್ದು ಗಂಡು, ಉಳಿದವು ಗಂಡೂ ಅಲ್ಲದ ಹೆಣ್ಣೂ ಅಲ್ಲದ ಕಿರಿಯವು. ಹೆಣ್ಣು ಸತ್ತರೆ ಹೊರಗಿನಿಂದ ಇನ್ನೊಂದು ಬರಬೇಕಿಲ್ಲ. ಗಂಡೇ ಹೆಣ್ಣಾಗುತ್ತದೆ, ಸರದಿಯಲ್ಲಿ ನಿಂತ ಕಿರಿಯರಲ್ಲಿ ದೊಡ್ಡದು ಗಂಡಾಗುತ್ತದೆ. ಹ್ಯಾನ್ಸ್ ಮತ್ತು ಸಿಮೋನ್ ಫ್ರಿಕೆ ದಂಪತಿ 1977ರಲ್ಲಿ ಇದನ್ನು ವೈಜ್ಞಾನಿಕವಾಗಿ ದಾಖಲಿಸಿದರು. ಇದಕ್ಕಿಂತ ವಿಚಿತ್ರವಾದದ್ದು ಸರದಿಯ ಶಿಸ್ತು. ಪೀಟರ್ ಬಸ್ಟನ್ 2003ರಲ್ಲಿ ಪಪುವಾ ನ್ಯೂಗಿನಿಯ ಮೀನುಗಳ ಬಗ್ಗೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರತಿ ಮೀನೂ ತನ್ನ ಮೇಲಿನ ಮೀನಿಗಿಂತ ಇಂತಿಷ್ಟು ಸಣ್ಣದಾಗಿಯೇ ಉಳಿಯುವಂತೆ ತನ್ನ ಬೆಳವಣಿಗೆಯನ್ನು ತಾನೇ ತಡೆಹಿಡಿಯುತ್ತದೆ. ತಿನ್ನಲು ಸಿಗದೆ ಕುಬ್ಜವಾಗಿರುವುದಲ್ಲ ಅದು. ಹಿರಿಯ ಮೀನಿನ ಗಾತ್ರಕ್ಕೆ ಹತ್ತಿರ ಬಂದರೆ ಮನೆಯಿಂದ ಹೊರಗಟ್ಟಿಸಿಕೊಳ್ಳುವ ಭಯ, ಹೊರಬಿದ್ದ ಮೀನಿಗೆ ಕಡಲಿನಲ್ಲಿ ಉಳಿಗಾಲವಿಲ್ಲ. ಹಾಗಾಗಿ ಮೇಲಿನ ಜಾಗ ತೆರವಾಗುವವರೆಗೆ ವರ್ಷಗಟ್ಟಲೆ ಅದು ಹಾಗೇ ಇರುತ್ತದೆ. ಬೆರಳುದ್ದದ ಈ ಮೀನು ಇಪ್ಪತ್ತು ವರ್ಷಕ್ಕೂ ಮೀರಿ ಬದುಕಬಲ್ಲದಾದ್ದರಿಂದ ಕಾಯುವಿಕೆ ಬಹಳ ದೀರ್ಘವಾಗಬಹುದು. ಬಲೆ ಹಾಕುವವರು ಈ ಗುಂಪಿನಿಂದ ಒಂದು ದೊಡ್ಡ ಮೀನನ್ನು ಎತ್ತಿಕೊಂಡರೆ ಲೆಕ್ಕದಲ್ಲಿ ಕಡಿಮೆಯಾಗುವುದು ಒಂದು. ಕಡಲಿನಲ್ಲಿ ಕದಡುವುದು ಇಡೀ ಸಂಸಾರದ ಶ್ರೇಣಿ. ಹೊಸ ಜೋಡಿ ಕೂಡಿ ಮೊಟ್ಟೆ ಇಡುವವರೆಗೆ ಅಲ್ಲಿ ಮರಿಯಿಲ್ಲ.

ಇವೆರಡಕ್ಕಿಂತ ನನ್ನ ವಾದಕ್ಕೆ ಹತ್ತಿರವಾದದ್ದು ಪಟ್ಟೆಯ ಸಂಗತಿ. ಆ ಬಿಳಿ ಪಟ್ಟೆಗಳು ಹುಟ್ಟಿನಿಂದ ಬಂದವಲ್ಲ. ಮೊಟ್ಟೆಯೊಡೆದ ಮರಿ ಪಾರದರ್ಶಕವಾಗಿರುತ್ತದೆ, ಹತ್ತು ಹನ್ನೆರಡು ದಿನ ತೆರೆದ ಕಡಲಿನಲ್ಲಿ ತೇಲಿ, ಬಳಿಕ ದಿಬ್ಬಕ್ಕೆ ಬಂದು ಅನಿಮೊನಿ ಹುಡುಕಿಕೊಳ್ಳುತ್ತದೆ. ಗೊದಮೊಟ್ಟೆ ಕಪ್ಪೆಯಾಗಲು ಬೇಕಾದ ಥೈರಾಯ್ಡ್ ಹಾರ್ಮೋನೇ ಈ ಹಂತದಲ್ಲಿ ಮೀನಿನ ಪಟ್ಟೆಯನ್ನೂ ಮೂಡಿಸುತ್ತದೆ. 2021ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಲ್ಲಿ ಒಂದು ಅಚ್ಚರಿಯನ್ನು ತೋರಿಸಿತು: ಒಂದೇ ಜಾತಿಯ ಮರಿಗಳಾದರೂ, ದೈತ್ಯ ಕಾರ್ಪೆಟ್ ಅನಿಮೊನಿಯಲ್ಲಿ ನೆಲೆಸಿದವಕ್ಕೆ ಪಟ್ಟೆ ಬೇಗ ಮೂಡುತ್ತದೆ, ಇನ್ನೊಂದು ಜಾತಿಯ ಅನಿಮೊನಿಯಲ್ಲಿ ನೆಲೆಸಿದವಕ್ಕೆ ತಡವಾಗಿ. ಬೇಗ ಪಟ್ಟೆ ಬಂದ ಮರಿಗಳ ಮೈಯಲ್ಲಿ ಥೈರಾಯ್ಡ್ ಹಾರ್ಮೋನಿನ ಮಟ್ಟವೂ ಹೆಚ್ಚಿತ್ತು. ಅಂದರೆ ಮೀನು ಯಾವ ಮನೆ ಸೇರಿತು ಎಂಬುದು ಅದರ ರಕ್ತದಲ್ಲಿ, ಬಣ್ಣದಲ್ಲಿ ಬರೆದುಕೊಳ್ಳುತ್ತದೆ. ತೊಟ್ಟಿಯಲ್ಲಿ ಬೆಳೆದ ಕ್ಲೌನ್ ಮೀನುಗಳಲ್ಲಿ ಪಟ್ಟೆ ತಪ್ಪಿದವು, ಅರೆಬರೆಯಾದವು ಹೆಚ್ಚು ಎಂಬುದು ಸಾಕುವವರಿಗೆಲ್ಲ ಗೊತ್ತಿರುವ ವಿಷಯ. ವ್ಯಾಪಾರ ಅದಕ್ಕೆ ಸ್ನೋಫ್ಲೇಕ್, ಪಿಕಾಸೊ ಎಂದು ಹೆಸರಿಟ್ಟು ಹೆಚ್ಚಿನ ಬೆಲೆಗೆ ಮಾರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಚಿನ್ನದ ಮೀನನ್ನೂ ಮನುಷ್ಯ ಹೀಗೆಯೇ ರೂಪಿಸಿಕೊಂಡ. ಆದರೆ ಹಾಗೆ ರೂಪಿಸಿಕೊಂಡದ್ದನ್ನು ತೋರಿಸಿ ಕಡಲಿನ ಮೀನು ಕ್ಷೇಮವಾಗಿದೆ ಎನ್ನುವಂತಿಲ್ಲ.

ಹ್ಯಾಚರಿಯ ಪರವಾಗಿ ಹೇಳಬೇಕಾದ ಬಲವಾದ ಮಾತೊಂದಿದೆ, ಅದನ್ನು ಒಪ್ಪಿಯೇ ಮುಂದೆ ಹೋಗಬೇಕು. ಕೊಳ್ಳುವವರು ಇದ್ದೇ ಇರುತ್ತಾರೆ. 2003ರಲ್ಲಿ ಬಂದ ‘ಫೈಂಡಿಂಗ್ ನೆಮೊ’ ಚಿತ್ರದ ನಂತರ ಈ ಮೀನನ್ನು ಗುರುತಿಸದ ಮಕ್ಕಳೇ ಇಲ್ಲ. ತೊಟ್ಟಿಯ ಮೀನು ಸಿಗದಿದ್ದರೆ ದಿಬ್ಬದ ಮೀನಿಗೇ ಕೈಹಾಕುತ್ತಾರೆ. ಲಕ್ಷದ್ವೀಪದ ಅಗತ್ತಿಯಲ್ಲಿ ಸ್ಥಳೀಯ ಮಹಿಳೆಯರು ಅಲಂಕಾರದ ಕಡಲ ಜೀವಿಗಳನ್ನು ಬೆಳೆಸಿ ಆದಾಯ ಪಡೆಯುವಂತೆ ಮಾಡಿದ ಸರ್ಕಾರಿ ಪ್ರಯತ್ನವೂ ಇದೆ. ಈ ಎಲ್ಲವೂ ಬೇಕು, ಇನ್ನೂ ಹೆಚ್ಚು ಬೇಕು. ತೊಟ್ಟಿಯಲ್ಲಿ ಅನಿಮೊನಿ ಇಲ್ಲದೆಯೂ ಈ ಮೀನು ಬದುಕುತ್ತದೆ, ಮೊಟ್ಟೆಯನ್ನೂ ಇಡುತ್ತದೆ ಎಂಬುದೂ ನಿಜ. ಅಲ್ಲಿ ಅದನ್ನು ತಿನ್ನಲು ಬರುವವರಿಲ್ಲ. ಆದರೆ ಎರಡು ತೊಡಕುಗಳಿವೆ. ಮೀನು ತಂದವರಿಗೆ ಅದು ಅನಿಮೊನಿಯಲ್ಲಿ ಆಡುವುದನ್ನು ನೋಡುವ ಆಸೆ ಸಹಜ. ಅನಿಮೊನಿ ನಿಧಾನವಾಗಿ ಬೆಳೆದು ಬಹುಕಾಲ ಬದುಕುವ ಪ್ರಾಣಿ, ಮೀನಿನ ಮರಿಯಷ್ಟು ಸುಲಭವಾಗಿ ಅದನ್ನು ತೊಟ್ಟಿಯಲ್ಲಿ ಹೆಚ್ಚಿಸಲಾಗದು. ಹ್ಯಾಚರಿಯ ಮೀನು ಅಗ್ಗವಾದಷ್ಟೂ ದಿಬ್ಬದ ಅನಿಮೊನಿಗೆ ಬೇಡಿಕೆ ಏರಬಹುದು. ಮನೆಯನ್ನೇ ಕಿತ್ತು ತಂದ ಮೇಲೆ ಒಡೆಯನನ್ನು ಬಿಟ್ಟುಬಂದೆವು ಎನ್ನುವುದರಲ್ಲಿ ಅರ್ಥವಿಲ್ಲ. ಇನ್ನೊಂದು, ತೊಟ್ಟಿಯ ಮೀನನ್ನು ಮುಂದೊಂದು ದಿನ ಕಡಲಿಗೆ ಬಿಡುತ್ತೇವೆ ಎಂಬ ಆಶ್ವಾಸನೆ. ಬಿಡುವುದಾದರೂ ಎಲ್ಲಿಗೆ? ಕಡಲಿನಲ್ಲಿ ಅನಿಮೊನಿ ಬಿಟ್ಟು ಬದುಕುವ ಕ್ಲೌನ್ ಮೀನೇ ಇಲ್ಲ.

ಈ ತರ್ಕ ಕಡಲಿನಿಂದ ದೂರವಿರುವ ಅಂತರಘಟ್ಟೆ, ಅಜ್ಜಂಪುರ, ಕಡೂರು ಸೀಮೆಯವರಿಗೆ ಹೊಸದಾಗಬೇಕಿಲ್ಲ. ಅಂತರಘಟ್ಟಮ್ಮನ ಜಾತ್ರೆಗೆ ಇಂದಿಗೂ ಎತ್ತಿನ ಗಾಡಿ ಕಟ್ಟಿಕೊಂಡು ಬರುವ ನೆಲ ಇದು. ಅಮೃತ್ ಮಹಲ್ ದನದ ತಳಿಯ ಸಂವರ್ಧನಾ ಕೇಂದ್ರ ಇರುವುದು ಅಜ್ಜಂಪುರದಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತ್ ಮಹಲ್ ಆಯಿತು. ಆ ದನಗಳ ಓಟ, ತಾಳಿಕೆ, ಸಿಟ್ಟು ಎಲ್ಲಕ್ಕೂ ಹೆಸರಿತ್ತು, ಆದರೆ ಆ ಗುಣಗಳು ಕೊಟ್ಟಿಗೆಯಲ್ಲಿ ಬಂದವಲ್ಲ. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳನ್ನು, ಅಂದರೆ ಮೀಸಲು ಹುಲ್ಲುಗಾವಲುಗಳನ್ನು, ಗೊತ್ತುಮಾಡಿ, ಹಿಂಡನ್ನು ಒಂದರಿಂದ ಇನ್ನೊಂದಕ್ಕೆ ನಡೆಸಿ, ಅರೆಕಾಡು ದನವಾಗಿ ಬೆಳೆಸಿದ್ದರಿಂದ ಬಂದವು. ಖರ್ಚು ಉಳಿಸಲು 1860ರಲ್ಲಿ ಬ್ರಿಟಿಷ್ ಆಡಳಿತ ಹಿಂಡನ್ನೇ ಮಾರಿಬಿಟ್ಟಿತು. ದನ ಊರೂರಿನಲ್ಲಿ ಇದ್ದೇ ಇರುತ್ತದಲ್ಲ ಎಂಬ ಲೆಕ್ಕ. ಆರೇ ವರ್ಷಕ್ಕೆ, 1866ರಲ್ಲಿ, ಅದನ್ನು ಮತ್ತೆ ಕಟ್ಟಬೇಕಾಯಿತು. ಮತ್ತೆ ಕಟ್ಟಲು ಸಾಧ್ಯವಾದದ್ದು ಕಾವಲುಗಳು ಇನ್ನೂ ಉಳಿದಿದ್ದರಿಂದ. ಆಮೇಲಿನ ಕಥೆ ಬೇರೆ: ಕಾವಲು ಒತ್ತುವರಿಯಾಯಿತು, ಹಂಚಿಕೆಯಾಯಿತು, ಪಕ್ಕದ ಜಿಲ್ಲೆಯ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ತಳಿ ಇವತ್ತಿಗೂ ಇದೆ, ಕಾಗದದ ಮೇಲೆ ಸುರಕ್ಷಿತವೂ ಹೌದು. ಅದರ ಜಗತ್ತು ಮಾತ್ರ ಕುಗ್ಗುತ್ತ ಬಂದಿದೆ.

ಸಂಬಂಧವಿಲ್ಲದ್ದಕ್ಕೆ ಸಂಬಂಧ ಕಟ್ಟುತ್ತಿದ್ದೀರಿ ಎಂದು ಯಾರಾದರೂ ಹೇಳಬಹುದು. ಭೂಗೋಳದ ಮಟ್ಟಿಗೆ ಅವರ ಮಾತು ಸರಿಯೇ. ವೇದಾವತಿಯಾಗಲಿ ಭದ್ರೆಯಾಗಲಿ ತುಂಗಭದ್ರೆಗೆ ಸೇರಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಈ ಬಯಲಿನ ಒಂದು ಹನಿ ನೀರೂ ಅರಬ್ಬೀ ಸಮುದ್ರದ ನೇತ್ರಾಣಿಯನ್ನು ಮುಟ್ಟುವುದಿಲ್ಲ. ಆದರೆ ನೇತ್ರಾಣಿಯನ್ನು ಏನು ಮಾಡಬೇಕೆಂದು ತೀರ್ಮಾನಿಸುವುದು ಬೆಂಗಳೂರು ಮತ್ತು ದೆಹಲಿ. ಅಲ್ಲಿಗೆ ಮುಟ್ಟುವ ದನಿಯಲ್ಲಿ ಕರಾವಳಿಯ ಮೂರು ಜಿಲ್ಲೆಗಳಷ್ಟೇ ಇರಬೇಕೆಂದೇನಿಲ್ಲ. ತಳಿಯನ್ನೂ ತಾಣವನ್ನೂ ಬೇರೆ ಮಾಡಿದರೆ ಏನಾಗುತ್ತದೆ ಎಂಬ ಅನುಭವ ಈ ಸೀಮೆಗಿದ್ದಷ್ಟು ಕರಾವಳಿಗೂ ಇಲ್ಲ.

ನೇತ್ರಾಣಿ ಇರುವುದು ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಆಚೆ. ಲಕ್ಷದ್ವೀಪದಂಥ ವಿಶಾಲ ದಿಬ್ಬ ಅಲ್ಲಿಲ್ಲ. ದ್ವೀಪದ ಸುತ್ತಲ ಬಂಡೆಗಳ ಮೇಲೆ ಹವಳ ತುಣುಕು ತುಣುಕಾಗಿ ಹಬ್ಬಿದೆ. ಕ್ಲೌನ್ ಮೀನಿನ ದೊಡ್ಡ ನೆಲೆಗಳನ್ನು ಭಾರತದಲ್ಲಿ ಲಕ್ಷದ್ವೀಪ, ಅಂಡಮಾನ್ ಮತ್ತು ಮನ್ನಾರ್ ಕೊಲ್ಲಿಯಲ್ಲಿ ಹುಡುಕಬೇಕು. ಆದರೆ ಅದೇ ಕುಟುಂಬಕ್ಕೆ ಸೇರಿದ ಡ್ಯಾಮ್ಸೆಲ್ ಮೀನುಗಳು, ಜೊತೆಗೆ ಚಿಟ್ಟೆ ಮೀನು, ಗಿಳಿ ಮೀನು, ಟ್ರಿಗರ್ ಮೀನುಗಳು ನೇತ್ರಾಣಿಯ ಬಂಡೆಗಳಲ್ಲಿವೆ, ಇವುಗಳ ಬದುಕೂ ಬಂಡೆ ಮತ್ತು ಹವಳಕ್ಕೆ ಅಷ್ಟೇ ಗಟ್ಟಿಯಾಗಿ ಕಟ್ಟಿಹಾಕಿಕೊಂಡಿದೆ. ಗಿಳಿ ಮೀನು ದೊಡ್ಡದಾದಂತೆ ಹೆಣ್ಣಿನಿಂದ ಗಂಡಾಗುತ್ತದೆ, ಕ್ಲೌನ್ ಮೀನಿನ ದಾರಿಗೆ ತದ್ವಿರುದ್ಧ. ದ್ವೀಪದ ಮೇಲಿನ ಪೂಜಾ ಸ್ಥಳಗಳಿಗೆ ಹರಕೆ ಹೊತ್ತು ಮೀನುಗಾರರು ಹೋಗುತ್ತಾರೆ. ನೌಕಾಪಡೆ ಅದೇ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದೆ. ಸ್ಕೂಬಾ ಡೈವಿಂಗ್ ದೋಣಿಗಳು ಪ್ರವಾಸಿಗರನ್ನು ಕರೆದೊಯ್ಯುತ್ತವೆ. 2022ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ಯಲ್ಲಿ ಆ ನೀರಿನೊಳಗನ್ನು ಕಂಡವರು ಬಯಲುಸೀಮೆಯಲ್ಲೂ ಕಡಿಮೆಯಿಲ್ಲ. ಹವಳವನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ, ಹುಲಿ ಆನೆಗಳಿಗಿರುವ ರಕ್ಷಣೆಯೇ ಅದಕ್ಕೂ ಇದೆ. ಹಾಗಿರುವಾಗ ಹವಳದ ಮೇಲೆ ಲಂಗರು ಬೀಳುವುದನ್ನು, ಗುಂಡು ಬೀಳುವುದನ್ನು ಕಾಯ್ದೆಯ ಕಣ್ಣು ಹೇಗೆ ನೋಡುತ್ತದೆ?

ಇಷ್ಟು ಪುಟ್ಟ ಜಾಗವನ್ನು ಕಾಪಾಡಿ ಏನು ಸಾಧಿಸಿದಂತಾಗುತ್ತದೆ, ಮರಿಗಳೆಲ್ಲ ಕಡಲಿನಲ್ಲಿ ತೇಲಿ ಹೋಗುವುದಿಲ್ಲವೇ ಎಂಬ ಆಕ್ಷೇಪ ಮೇಲ್ನೋಟಕ್ಕೆ ಗಟ್ಟಿಯಾಗಿದೆ. ಇದಕ್ಕೆ ಉತ್ತರ ಕೊಟ್ಟದ್ದೂ ಕ್ಲೌನ್ ಮೀನೇ. ಗ್ಲೆನ್ ಅಲ್ಮನಿ ಮತ್ತು ಸಂಗಡಿಗರು ಕಿಂಬೆ ದ್ವೀಪದ ಸುತ್ತಲ ಸಂರಕ್ಷಿತ ದಿಬ್ಬದಲ್ಲಿ ತಾಯಿ ಮೀನುಗಳ ಮೂಲಕ ಮರಿಗಳಿಗೆ ಗುರುತು ದಾಟಿಸುವ ವಿಧಾನ ಬಳಸಿ, ಮರಿಗಳು ಎಲ್ಲಿಗೆ ಹೋದವೆಂದು ಪತ್ತೆಹಚ್ಚಿ 2007ರಲ್ಲಿ ಪ್ರಕಟಿಸಿದರು. ಆ ದಿಬ್ಬದಲ್ಲಿ ನೆಲೆಸಲು ಬಂದ ಕ್ಲೌನ್ ಮರಿಗಳಲ್ಲಿ ನೂರಕ್ಕೆ ಸುಮಾರು 60 ಅಲ್ಲೇ ಹುಟ್ಟಿ, ತೇಲಿಹೋಗಿ, ಮರಳಿ ಬಂದವು. ತಿಂಗಳಿಗೂ ಹೆಚ್ಚು ಕಾಲ ತೇಲುವ ಚಿಟ್ಟೆ ಮೀನಿನ ಮರಿಗಳಲ್ಲೂ ಲೆಕ್ಕ ಹೆಚ್ಚು ಕಡಿಮೆ ಇಷ್ಟೇ ಬಂತು. ಆ ಸಂರಕ್ಷಿತ ದಿಬ್ಬದ ವಿಸ್ತೀರ್ಣ 0.3 ಚದರ ಕಿಲೋಮೀಟರ್. ಪುಟ್ಟದೆಂಬ ಕಾರಣಕ್ಕೆ ನೇತ್ರಾಣಿಯನ್ನು ಬದಿಗಿಡಲು ಇನ್ನು ಆಧಾರವಿಲ್ಲ. ವಾಪಸು ಬರುವ ಮರಿ ದಿಬ್ಬವನ್ನು ಹೇಗೆ ಗುರುತಿಸುತ್ತದೆ ಎಂಬುದರಲ್ಲಿ ವಾಸನೆಗೂ ಸದ್ದಿಗೂ ಪಾತ್ರವಿದೆ. ಕಡಲು ಆಮ್ಲೀಯವಾದಂತೆ ಮರಿಯ ಮೂಗು ಮಂದವಾಗುತ್ತದೆ ಎಂಬ ಜನಪ್ರಿಯ ವಾದವೊಂದಿದೆ; ಆ ಪ್ರಯೋಗಗಳನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲ ಬರದೆ ದೊಡ್ಡ ವಿವಾದವಾಗಿರುವುದರಿಂದ ಅದರ ಮೇಲೆ ನಾನು ಏನನ್ನೂ ಕಟ್ಟುವುದಿಲ್ಲ. ಕಟ್ಟಲು ಗಟ್ಟಿ ಸಾಕ್ಷ್ಯ ಬೇರೆ ಬೇಕಾದಷ್ಟಿದೆ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಕಡಲಿನ ಬಿಸಿಯದು. ನೀರು ಬಿಸಿಯಾದರೆ ಹವಳದಂತೆ ಅನಿಮೊನಿಯೂ ತನ್ನ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಫ್ರೆಂಚ್ ಪಾಲಿನೇಷ್ಯಾದ ಮೂರಿಯಾದಲ್ಲಿ ಬಿಳಿಚಿದ ಅನಿಮೊನಿಗಳಲ್ಲಿದ್ದ ಕ್ಲೌನ್ ಮೀನುಗಳ ಸಂತಾನ ಸಾಮರ್ಥ್ಯ ನೂರಕ್ಕೆ 73ರಷ್ಟು ಕುಸಿದದ್ದನ್ನು, ಒತ್ತಡದ ಹಾರ್ಮೋನು ಏರಿದ್ದನ್ನು 2017ರ ಅಧ್ಯಯನ ತೋರಿಸಿತು. ಕಿಂಬೆ ಕೊಲ್ಲಿಯಲ್ಲಿ 2023ರ ಬಿಸಿ ಅಲೆಯ ವೇಳೆ ಅಳೆದ 134 ಮೀನುಗಳಲ್ಲಿ 101 ಒಮ್ಮೆಯಾದರೂ ಉದ್ದದಲ್ಲೇ ಕುಗ್ಗಿದವು. ಸೊರಗಿ ತೂಕ ಇಳಿದದ್ದಲ್ಲ, ಮೈಯ ಉದ್ದವೇ ಕಡಿಮೆಯಾದದ್ದು. ಹಾಗೆ ಕುಗ್ಗಿದ ಮೀನುಗಳೇ ಹೆಚ್ಚು ಬದುಕಿದವು. ಅದೇ ವರ್ಷ ಕೆಂಪು ಸಮುದ್ರದ ಸೌದಿ ತೀರದ ದಿಬ್ಬಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಕ್ಲೌನ್ ಮೀನುಗಳು ಅನಿಮೊನಿಗಳ ಜೊತೆಗೆ ನಾಶವಾದವು. 2024ರಲ್ಲಿ ನಮ್ಮ ಲಕ್ಷದ್ವೀಪದ ಹವಳವೂ ವ್ಯಾಪಕವಾಗಿ ಬಿಳಿಚಿತು. ಇಂಥ ಬಿಸಿಯ ಮುಂದೆ ಯಾವ ಮೀಸಲು ಪ್ರದೇಶದ ಗಡಿಯೂ ಬೇಲಿಯಾಗಲಾರದು, ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಮೂರಿಯಾದ ಅನಿಮೊನಿಗಳು ಕೆಲವು ತಿಂಗಳಲ್ಲಿ ಬಣ್ಣ ಮರಳಿ ಪಡೆದವು, ಮೀನುಗಳೂ ಚೇತರಿಸಿಕೊಂಡವು. ಚೇತರಿಸಿಕೊಳ್ಳಲು ಅನಿಮೊನಿ ಬಂಡೆಗೆ ಕಚ್ಚಿಕೊಂಡಿರಬೇಕಷ್ಟೆ; ಲಂಗರು ಎಳೆದು ಕಿತ್ತದ್ದಕ್ಕೆ ಆ ಅವಕಾಶವಿಲ್ಲ. ಬಿಸಿಯನ್ನು ತಡೆಯುವುದು ಕರ್ನಾಟಕ ಒಂದರ ಕೈಲಾಗದು. ಲಂಗರು ತಡೆಯುವುದಕ್ಕೆ ಜಗತ್ತಿನ ಒಪ್ಪಂದ ಬೇಕಿಲ್ಲ.

ಹಾಗಾದರೆ ಮೀನುಗಾರರನ್ನು ಅಲ್ಲಿಂದ ಓಡಿಸಬೇಕೇ? ಖಂಡಿತ ಬೇಡ, ಕಾನೂನು ಅದನ್ನು ಕೇಳುವುದೂ ಇಲ್ಲ. ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ದನಕ್ಕೆಂದು ಇಟ್ಟ ಹುಲ್ಲುಗಾವಲು ಕೃಷ್ಣಮೃಗಕ್ಕೂ ಆಸರೆಯಾಗಿ ಉಳಿದಿತ್ತು, ಅದನ್ನು ಕಾಯಲು ಅಭಯಾರಣ್ಯದಷ್ಟು ಕಠಿಣವಲ್ಲದ ಈ ದಾರಿ ಹಿಡಿದರು. ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿ ಸೇರಿಸಿದ 36ಎ ಕಲಮು, ಸ್ಥಳೀಯರೊಡನೆ ಸಮಾಲೋಚಿಸಿ ಸರ್ಕಾರಿ ಪ್ರದೇಶವನ್ನು ಹೀಗೆ ಘೋಷಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಡುತ್ತದೆ, ನೆಲದ ದೃಶ್ಯದ ಜೊತೆ ಕಡಲಿನ ದೃಶ್ಯವನ್ನೂ ಅದು ಹೆಸರಿಸಿಯೇ ಹೇಳುತ್ತದೆ. ಕೇಂದ್ರದ ಒಡೆತನದ ಜಾಗ ಸೇರಿದ್ದರೆ ಕೇಂದ್ರದ ಒಪ್ಪಿಗೆ ಮೊದಲೇ ಪಡೆಯಬೇಕು. ನೌಕಾಪಡೆಯನ್ನು ಮಾತುಕತೆಗೆ ಕೂರಿಸಲು ಅದೂ ಒಂದು ನೆಪವಾಗಲಿ. ರಕ್ಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದರೆ ಗುರಿ ಅಭ್ಯಾಸಕ್ಕೆ ಹವಳವಿರುವ ಬಂಡೆಯೇ ಬೇಕೆನ್ನುವುದಕ್ಕೆ ಕಾರಣ ಕೊಡಬೇಕಾದವರು ಅವರು. ಇನ್ನು ಮೀನುಗಾರರು, ಮರಿಯಾಗುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳನ್ನು ದಡಕ್ಕೆ ಕಟ್ಟುವ ಸಮುದಾಯ ಅದು. ನಿರ್ಬಂಧದ ಲಾಭ ತಮ್ಮ ಬಲೆಗೇ ಬರುತ್ತದೆಂದು ಖಚಿತವಾದರೆ ಒಪ್ಪಿಸಲು ಕಷ್ಟವಿಲ್ಲ. ಕೇಳಬೇಕಾದ್ದೂ ಬಹಳವಲ್ಲ: ಬಂಡೆಯ ಸುತ್ತ ಲಂಗರು ಹಾಕದಿರುವುದು, ದೋಣಿ ಕಟ್ಟಲು ಸರ್ಕಾರದ ಖರ್ಚಿನಲ್ಲಿ ಕಾಯಂ ತೇಲುಬುರುಡೆಗಳು, ಅನಿಮೊನಿ ಮತ್ತು ಬಣ್ಣದ ಮೀನುಗಳನ್ನು ಜೀವಂತ ಹಿಡಿದು ಸಾಗಿಸದಿರುವುದು, ಡೈವಿಂಗ್ ದೋಣಿಗಳಿಗೆ ದಿನದ ಮಿತಿ. ಹೊನ್ನಾವರ ಬಳಿಯ ಅಪ್ಸರಕೊಂಡ–ಮುಗಳಿಯಲ್ಲಿ ಕಡಲ ವನ್ಯಜೀವಿಧಾಮಕ್ಕೆ ಕೈಹಾಕಿರುವ ರಾಜ್ಯಕ್ಕೆ ಈ ಕೆಲಸ ಅಪರಿಚಿತವೂ ಅಲ್ಲ. ಒಂದು ಕೊರತೆಯನ್ನು ಮಾತ್ರ ಮೊದಲೇ ಸರಿಪಡಿಸಿಕೊಳ್ಳಬೇಕು. ಸಂರಕ್ಷಣಾ ಮೀಸಲನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಅರಣ್ಯ ಇಲಾಖೆ, ಗ್ರಾಮ ಪಂಚಾಯಿತಿ ಮತ್ತು ಸ್ವಯಂಸೇವಾ ಸಂಸ್ಥೆಗಳ ಜೊತೆಗೆ ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ಒಬ್ಬೊಬ್ಬರು ಇರಬೇಕೆಂದು ಕಾಯ್ದೆ ಹೇಳುತ್ತದೆ. ಬಾಸೂರಿಗೆ ಅದು ಸರಿಹೊಂದುತ್ತದೆ. ನೇತ್ರಾಣಿಯ ಸಮಿತಿಯಲ್ಲಿ ಪಶುವೈದ್ಯರು ಕೂತು, ಮುರ್ಡೇಶ್ವರ ಮತ್ತು ಭಟ್ಕಳದ ಮೀನುಗಾರ ಸಂಘದವರು ಹೊರಗೆ ನಿಲ್ಲುವಂತಾಗಬಾರದು; ಅವರಿಗೆ ಖಾಯಂ ಸ್ಥಾನ ಕೊಟ್ಟೇ ಕರಡು ಅಧಿಸೂಚನೆ ಹೊರಬರಲಿ.